ಬಾಡಿಗೆ ಪಾರ್ಕು, ಸ್ವಂತ ಪಾರ್ಕು

ಟೆಕ್ಸಾಸ್‌ನಲ್ಲಿ ಟ್ಯಾಕ್ಸ್ ಮಾತೆತ್ತಿ ನೋಡಿ. ಎಡ, ಬಲ ಅಂತ ಬೆಳಗ್ಗೆಯಿಂದ ಕಿತ್ತಾಡುತ್ತಿದ್ದವರೆಲ್ಲ ಒಂದಾಗಿಬಿಡುತ್ತಾರೆ. ಇಲ್ಲಿ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ. ಅದರ ಬದಲು ಮನೆ ಮೇಲೆ ಹಾಕುವ ಪ್ರಾಪರ್ಟಿ ಟ್ಯಾಕ್ಸ್ ನೋಡಿದರೆ ಎದೆ ಧಸಕ್ ಅನ್ನುತ್ತೆ. ಸರ್ಕಾರ ಏನಾದರೂ ಹೊಸದಾಗಿ ಖರ್ಚು ಮಾಡುತ್ತೇನೆ ಅಂದರೆ ಜನಕ್ಕೆ ಮೊದಲು ಬರುವುದು ಅನುಮಾನ. ಇಂಥ ಊರಲ್ಲಿ ವೋಟ್ ಹಾಕಿದವರ ಪೈಕಿ ನಾಲ್ಕರಲ್ಲಿ ಮೂರು ಪಾಲು ಜನ 100 ಕೋಟಿ ಡಾಲರ್ ಸ್ಟೇಟ್ ಪಾರ್ಕುಗಳಿಗೆ, ಅಂದರೆ ರಾಜ್ಯ ನೋಡಿಕೊಳ್ಳುವ, ಟೆಂಟ್ ಹಾಕಿ ಉಳಿಯಬಹುದಾದ ಬಯಲು ಜಾಗಗಳಿಗೆ ಎತ್ತಿಡಿ ಅಂದರು. 2023ರ ನವೆಂಬರ್ 7ನೇ ತಾರೀಖು. ಅದರಲ್ಲಿ ನನ್ನದೂ ಒಂದು ವೋಟು. ಸಿಟಿಜನ್ ಆದಮೇಲೆ ನಾನು ಹಾಕಿದ ಮೊದಲನೇ ವೋಟು ಅದೇ.

ಮೊದಲನೇ ವೋಟು ಅಂದರೆ ಯಾರೋ ದೊಡ್ಡ ಮನುಷ್ಯರನ್ನು ಗೆಲ್ಲಿಸುವ ವೋಟು ಅಂದುಕೊಂಡಿದ್ದೆ. ಸಿಕ್ಕಿದ್ದು ಹದಿನಾಲ್ಕು ಪ್ರಶ್ನೆ. ರಾಜ್ಯದ ಸಂವಿಧಾನಕ್ಕೆ ಹದಿನಾಲ್ಕು ತಿದ್ದುಪಡಿ, ಒಂದೊಂದಕ್ಕೂ ಪರ ಅಥವಾ ವಿರೋಧ ಒತ್ತಬೇಕು. ಒಂದು ರೈತರ ಹಕ್ಕಿನದು, ಒಂದು ರಿಟೈರ್ಡ್ ಮೇಷ್ಟ್ರುಗಳ ಪಿಂಚಣಿದು, ಒಂದು ಮನೆ ಟ್ಯಾಕ್ಸ್ ಇಳಿಸುವುದು, ಇನ್ನೊಂದು ಜಡ್ಜ್‌ಗಳ ನಿವೃತ್ತಿ ವಯಸ್ಸು ಏರಿಸುವುದು. ಕೊನೆಯದು ಪಾರ್ಕಿನದು. ಬೂತ್ ಒಳಗೆ ಫೋನ್ ತೆಗೆಯುವ ಹಾಗಿಲ್ಲ. ಅದಕ್ಕೆ ಹಿಂದಿನ ರಾತ್ರಿಯೇ ಒಂದು ಚೀಟಿಯಲ್ಲಿ ನಂಬರ್ ಹಾಕಿಕೊಂಡು ಬರೆದುಕೊಂಡು ಹೋಗಿದ್ದೆ. ಸಾಮಾನಿನ ಚೀಟಿ ಥರ. ನಿಜ ಹೇಳಬೇಕಂದರೆ ಬಾಕಿ ಹದಿಮೂರರಲ್ಲಿ ಅರ್ಧಕ್ಕೆ ಹಾಗೋ ಹೀಗೋ ಅಂತ ನಿರ್ಧಾರ ಮಾಡಿದ್ದೆ. ಹದಿನಾಲ್ಕನೆಯದಕ್ಕೆ ಮಾತ್ರ ಚೀಟಿ ಬೇಕಾಗಿರಲಿಲ್ಲ. ಅದಕ್ಕೆ ಕಾರಣ ಫೇರ್‌ಫೀಲ್ಡ್.

ಡಲ್ಲಾಸ್‌ನಿಂದ ಹ್ಯೂಸ್ಟನ್ ಕಡೆ ಐ-45 ಹೈವೇಯಲ್ಲಿ ಹೋದರೆ ಅರ್ಧ ದಾರಿಗೂ ಸ್ವಲ್ಪ ಮೊದಲೇ ಫೇರ್‌ಫೀಲ್ಡ್ ಅಂತ ಪುಟ್ಟ ಊರು. ಅದರ ಪಕ್ಕ 2,400 ಎಕರೆ ಕೆರೆ, ಕೆರೆ ದಡದಲ್ಲಿ 1,820 ಎಕರೆ ಸ್ಟೇಟ್ ಪಾರ್ಕ್. ನಮ್ಮ ಮಗ ಚಿಕ್ಕವನಿದ್ದಾಗ ನಾವು ನಾಲ್ಕು ಮನೆಯವರು ಸೇರಿಕೊಂಡು ಅಲ್ಲಿ ಟೆಂಟ್ ಹಾಕುತ್ತಿದ್ದೆವು. ಒಂದು ಸೈಟಿಗೆ ಎಂಟು ಜನಕ್ಕಿಂತ ಜಾಸ್ತಿ ಬಿಡಲ್ಲ, ಹಾಗಾಗಿ ಅಕ್ಕಪಕ್ಕದ ಎರಡು ಸೈಟು. ನಲ್ಲಿ ನೀರು, ಕರೆಂಟು, ಒಂದು ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ, ಇಷ್ಟು ಇದ್ದರೆ ಕನ್ನಡದವರಿಗೆ ಬಿಸಿಬೇಳೆಬಾತ್ ಮಾಡಲು ಧಾರಾಳವಾಯಿತು. ಗ್ಯಾಸ್ ಒಲೆ ಮೇಲೆ ಕುಕ್ಕರ್ ಕೂಗಿದಾಗ ಪಕ್ಕದ ಸೈಟಿನ ಅಜ್ಜಿ ಏನೋ ಸಿಡಿಯಿತು ಅಂತ ಓಡಿ ಬಂದಿದ್ದರು. ಆಮೇಲೆ ಅವರೇ ಎರಡು ಸಲ ಹಾಕಿಸಿಕೊಂಡು ತಿಂದರು.

ರಾತ್ರಿ ರಕೂನ್ ಕಾಟ. ಮುಖವಾಡ ಹಾಕಿದ ಬೆಕ್ಕಿನ ಹಾಗೆ ಇರುತ್ತೆ, ಕೈಬೆರಳು ಮಾತ್ರ ಮಕ್ಕಳ ಬೆರಳಿನಷ್ಟೇ ಚುರುಕು. ಐಸ್ ಪೆಟ್ಟಿಗೆಯ ಚಿಲಕ ತೆಗೆದು, ಮೊಸರಿನ ಡಬ್ಬಿ ಮುಟ್ಟದೆ, ಕೊಬ್ಬರಿ ಮಿಠಾಯಿ ಡಬ್ಬಿಯನ್ನೇ ಹುಡುಕಿ ತಗೊಂಡು ಹೋಯಿತು. ಬೆಳಗ್ಗೆ ನೋಡಿದರೆ ಡಬ್ಬಿ ಪೊದೆ ಹತ್ತಿರ, ಮುಚ್ಚಳ ಬೇರೆ ಕಡೆ, ಒಳಗೆ ಒಂದು ಚೂರೂ ಇಲ್ಲ. ಮಗನಿಗೆ ಮಿಠಾಯಿ ಹೋಯಿತು ಅನ್ನುವ ದುಃಖಕ್ಕಿಂತ ಅದು ಬೀಗ ತೆಗೆಯುವುದನ್ನು ನೋಡಲಿಲ್ಲವಲ್ಲ ಅನ್ನುವ ದುಃಖ ಜಾಸ್ತಿ.

ಅವನು ಮೀನು ಹಿಡಿಯುವುದನ್ನು ಕಲಿತಿದ್ದೂ ಅಲ್ಲೇ. ಟೆಕ್ಸಾಸ್‌ನ ಸ್ಟೇಟ್ ಪಾರ್ಕ್ ದಡದಲ್ಲಿ ನಿಂತು ಗಾಳ ಹಾಕಲು ಲೈಸೆನ್ಸ್ ಬೇಡ. ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಹಿಡಿಯುವುದು, ಮುಖ ನೋಡುವುದು, ವಾಪಸ್ ಬಿಡುವುದು. ಮೀನಿಗೆ ಇದರಿಂದ ಏನು ಉಪಯೋಗ ಅಂತ ನಮ್ಮತ್ತೆ ಕೇಳಿದ್ದರು. ಉತ್ತರ ನನ್ನ ಹತ್ತಿರ ಇರಲಿಲ್ಲ.

ಈ ಪಾರ್ಕಿನ ನೆಲ ಸರ್ಕಾರದ್ದಲ್ಲ ಅಂತ ನಮಗೆ ಗೊತ್ತಾಗಿದ್ದೇ ಅದನ್ನು ಮುಚ್ಚುತ್ತಾರೆ ಅಂದಾಗ. ಕೆರೆ ಕಟ್ಟಿಸಿದ್ದು ಕರೆಂಟ್ ಕಂಪನಿ. ಪಕ್ಕದಲ್ಲಿ ಬಿಗ್ ಬ್ರೌನ್ ಅಂತ ಕಲ್ಲಿದ್ದಲು ಸ್ಥಾವರ ಇತ್ತು, ಅದನ್ನು ತಂಪು ಮಾಡಲು ಈ ನೀರು. ಬಿಸಿಯಾದ ನೀರು ವಾಪಸ್ ಕೆರೆಗೇ ಬರುತ್ತಿದ್ದರಿಂದ ಚಳಿಗಾಲದಲ್ಲೂ ಮೀನು ಚೆನ್ನಾಗಿ ಸಿಗುತ್ತಿತ್ತು ಅಂತ ಹಳಬರು ಹೇಳುತ್ತಿದ್ದರು. ದಡದ ನೆಲವನ್ನು ಕಂಪನಿ ರಾಜ್ಯಕ್ಕೆ ಪುಕ್ಕಟೆ ಲೀಸ್‌ಗೆ ಕೊಟ್ಟಿತ್ತು. ಪಾರ್ಕ್ ಶುರುವಾಗಿದ್ದು 1976ರಲ್ಲಿ. ರಸ್ತೆ, ಶೌಚಾಲಯ, ಟೆಂಟ್ ಸೈಟು ಎಲ್ಲ ರಾಜ್ಯ ಮಾಡಿಸಿತು. ಬಾಡಿಗೆ ಇಲ್ಲ, ತಕರಾರಿಲ್ಲ, ಹೆಚ್ಚುಕಮ್ಮಿ ಐವತ್ತು ವರ್ಷ ಹಾಗೇ ನಡೆಯಿತು. 2018ರಲ್ಲಿ ಸ್ಥಾವರ ಮುಚ್ಚಿತು. ಕಂಪನಿಗೆ ಕೆರೆ ಬೇಡವಾಯಿತು. ಕೆರೆ, ಪಾರ್ಕ್, ಸುತ್ತಲಿನ ಜಾಗ ಎಲ್ಲ ಸೇರಿಸಿ 5,000 ಎಕರೆಯನ್ನು ಒಟ್ಟಿಗೆ ಮಾರಾಟಕ್ಕೆ ಇಟ್ಟಿತು.

ಅಪ್ಪನಿಗೆ ಫೋನಿನಲ್ಲಿ ಇದನ್ನು ವಿವರಿಸಲು ಹೋಗಿ ಸಾಕುಬೇಕಾಯಿತು.

"ಕೆರೆ ಸರ್ಕಾರದ್ದಲ್ವೇನಮ್ಮ?"

"ನೀರು ಸರ್ಕಾರದ್ದಂತೆ ಅಪ್ಪ. ಏರಿ, ದಡ, ಸುತ್ತಲ ನೆಲ ಕಂಪನಿದು."

"ಏರಿ ಇನ್ನೊಬ್ಬನದಾದರೆ ನೀರನ್ನೇನು ಜೇಬಲ್ಲಿ ಇಟ್ಕೊಂಡು ಬರ್ತಾರಾ?"

ನನಗೂ ಅದೇ ಪ್ರಶ್ನೆ ಇತ್ತು.

ಡಲ್ಲಾಸ್‌ನ ಒಬ್ಬ ಡೆವಲಪರ್ ಕೊಂಡುಕೊಂಡರು. ಗೇಟ್ ಹಾಕಿ, ಒಳಗೆ ದೊಡ್ಡ ಮನೆಗಳು, ಗಾಲ್ಫ್ ಕೋರ್ಸ್ ಮಾಡುವ ಯೋಜನೆ. 2023ರ ಫೆಬ್ರವರಿ ಕೊನೆಗೆ ಒಂದು ಸಲ ಪಾರ್ಕ್ ಮುಚ್ಚಿದರು, ಮಾರ್ಚ್‌ನಲ್ಲಿ ಮತ್ತೆ ತೆರೆದರು. ಆಗ ನಾವೂ ಹೋಗಿ ಬಂದೆವು. ಪುಳಿಯೋಗರೆ ಕಟ್ಟಿಕೊಂಡು ಹೋಗಿ ದಡದಲ್ಲಿ ಕೂತು ತಿಂದೆವು. ಪಾರ್ಕಿಂಗ್‌ನಲ್ಲಿ ಅಷ್ಟು ಪಿಕಪ್ ಟ್ರಕ್ ನಾನು ಹಿಂದೆ ನೋಡಿರಲಿಲ್ಲ. ಮುಚ್ಚುತ್ತಾರೆ ಅಂದ ಮೇಲೆ ಬಂದವರು ನಮ್ಮಂಥವರೇ ಎಷ್ಟೋ ಜನ ಇದ್ದರು. ಜೂನ್ 4ಕ್ಕೆ ಗೇಟ್ ಪೂರ್ತಿ ಹಾಕಿದರು.

ಇಲ್ಲಿ ಒಂದು ವಿಷಯ ಹೇಳಬೇಕು, ಇಲ್ಲದಿದ್ದರೆ ಬೆಂಗಳೂರಿನಲ್ಲಿ ಕೂತು ಓದುವವರಿಗೆ "ಅಷ್ಟು ದೊಡ್ಡ ರಾಜ್ಯದಲ್ಲಿ ಒಂದು ಪಾರ್ಕ್ ಹೋದರೆ ಏನಂತೆ" ಅನಿಸುತ್ತೆ. ಟೆಕ್ಸಾಸ್ ಕರ್ನಾಟಕದ ಮೂರೂವರೆಯಷ್ಟಿದೆ. ಆದರೆ ನೂರಕ್ಕೆ 95ರಷ್ಟು ನೆಲ ಖಾಸಗಿಯವರದ್ದು. ಹೈವೇಯಲ್ಲಿ ಗಂಟೆಗಟ್ಟಲೆ ಹೋದರೂ ಎರಡೂ ಕಡೆ ಮುಳ್ಳುತಂತಿ. ಗುಡ್ಡ ಕಾಣುತ್ತೆ, ಹತ್ತುವ ಹಾಗಿಲ್ಲ. ಹೊಳೆ ಕಾಣುತ್ತೆ, ಇಳಿಯಲು ದಾರಿ ಇಲ್ಲ. ನಮ್ಮ ಕಡೆ ಬೈಕ್ ನಿಲ್ಲಿಸಿ ಯಾವುದೋ ಬಂಡೆ ಮೇಲೆ ಹೋಗಿ ಕೂರುತ್ತೇವಲ್ಲ, ಇಲ್ಲಿ ಹಾಗೆ ಮಾಡಿದರೆ ಬಂದೂಕು ಹಿಡಿದ ಯಜಮಾನ ಬರಬಹುದು. ಹಾಗಾಗಿ ಮೂರು ಕೋಟಿ ಜನಕ್ಕೆ ಬಯಲಿಗೆ ಹೋಗಬೇಕು ಅಂದರೆ ತೊಂಬತ್ತರ ಹತ್ತಿರ ಇರುವ ಸ್ಟೇಟ್ ಪಾರ್ಕುಗಳೇ ಗತಿ. ಕೊಲರಾಡೋದಲ್ಲಿ, ಯೂಟಾದಲ್ಲಿ ಇರುವ ಸ್ನೇಹಿತರಿಗೆ ಈ ಕಷ್ಟ ಅರ್ಥವೇ ಆಗಲ್ಲ. ಅವರಿಗೆ ಮನೆ ಹಿಂದೆಯೇ ಕೇಂದ್ರ ಸರ್ಕಾರದ ಬೆಟ್ಟ.

ನಮ್ಮ ಪಕ್ಕದ ಮನೆಯವರು ರಿಟೈರ್ಡ್ ಮನುಷ್ಯ. ಎಲೆಕ್ಷನ್ ಬಂದರೆ ಅವರ ಹುಲ್ಲಿನ ಮೇಲೆ ನೆಟ್ಟಿರುವ ಬೋರ್ಡಿಗೂ ನಮ್ಮ ಮನೆಯ ಅಭಿಪ್ರಾಯಕ್ಕೂ ಅಜಗಜಾಂತರ. ಅವರು ಜಿಂಕೆ ಬೇಟೆಯವರು, ನಾವು ರಕೂನ್‌ಗೆ ಮಿಠಾಯಿ ಕಳಕೊಳ್ಳುವವರು. ಆ ಅಕ್ಟೋಬರ್‌ನಲ್ಲಿ ಕಸದ ಡಬ್ಬ ಹೊರಗಿಡುವಾಗ ಮಾತಿಗೆ ಸಿಕ್ಕರು. ಹದಿನಾಲ್ಕರಲ್ಲಿ ಎರಡಕ್ಕೇ ಅವರ ಬೆಂಬಲವಂತೆ. ಒಂದು ಮನೆ ಟ್ಯಾಕ್ಸ್ ಇಳಿಸುವುದು, ಅದು ಬಿಡಿ, ನನ್ನದೂ ಅದೇ. ಇನ್ನೊಂದು ಪಾರ್ಕು. ನೀವು ಬೇಟೆಗೆ ಪಾರ್ಕಿಗೆ ಹೋಗಲ್ವಲ್ಲ ಅಂದೆ. ಹೋಗಲ್ಲ, ವರ್ಷಕ್ಕಿಷ್ಟು ಅಂತ ದುಡ್ಡು ಕೊಟ್ಟು ಯಾರದ್ದೋ ರಾಂಚ್ (ದನ ಸಾಕುವ ದೊಡ್ಡ ಜಮೀನು) ಲೀಸ್‌ಗೆ ಹಿಡಿದಿದ್ದೇನೆ, ಅದು ವರ್ಷ ವರ್ಷ ಏರುತ್ತಿದೆ ಅಂದರು. ಮೊಮ್ಮಗನಿಗೆ ಗಾಳ ಹಾಕಬೇಕು ಅನಿಸಿದರೆ ಯಾವುದೋ ರಾಂಚ್‌ನವನ ಪರಿಚಯ ಇರಬೇಕಾ ಅಂತ ಕೇಳಿದರು. ಇಷ್ಟು ಹೇಳಿ ಡಬ್ಬದ ಮುಚ್ಚಳ ಹಾಕಿ ಒಳಗೆ ಹೋದರು.

ನನಗೆ ಈ ಮಾತು ಟಿವಿಯಲ್ಲಿ ಬಂದ ಎಲ್ಲ ಜಾಹೀರಾತಿಗಿಂತ ಜಾಸ್ತಿ ತಿಳಿಸಿತು. ಪಾರ್ಕು ಬೇಕು ಅನ್ನುವವರು ಅಂದರೆ ಬೆನ್ನಿಗೆ ಚೀಲ ಹಾಕಿಕೊಂಡು, ಕೈಯಲ್ಲಿ ಕೋಲು ಹಿಡಿದು ನಡೆಯುವವರು ಮಾತ್ರ ಅಂತ ಇಲ್ಲ. ಬಂದೂಕಿನವರು, ಗಾಳದವರು, ದೋಣಿಯವರು, ಭಾನುವಾರ ಚಿತ್ರಾನ್ನ ಕಟ್ಟಿಕೊಂಡು ಹೊರಡುವವರು ಎಲ್ಲ ಸೇರುತ್ತಾರೆ. 2025ರ ಜೂನ್‌ನಲ್ಲಿ ಯೂಟಾದ ಸೆನೆಟರ್ ಮೈಕ್ ಲೀ ಪಶ್ಚಿಮದ 11 ರಾಜ್ಯಗಳಲ್ಲಿ ಕೇಂದ್ರ ಸರ್ಕಾರದ ಲಕ್ಷಾಂತರ ಎಕರೆ ಮಾರುವ ಪ್ರಸ್ತಾಪ ತಂದಾಗಲೂ ಹೀಗೇ ಆಯಿತು. ಬೇಟೆಯವರೂ ಚಾರಣದವರೂ ಒಟ್ಟಿಗೆ ಗಲಾಟೆ ಮಾಡಿದರು, ತಿಂಗಳು ಮುಗಿಯುವುದರೊಳಗೆ ಅವರೇ ಅದನ್ನು ವಾಪಸ್ ತಗೊಂಡರು.

ಆದರೆ ಬೆಂಬಲ ಇದ್ದರೆ ಸಾಲದು. ದುಡ್ಡನ್ನು ಕಟ್ಟಿಹಾಕಬೇಕು. ಇದು ನನಗೆ ಟೆಕ್ಸಾಸ್ ಕಲಿಸಿದ ಪಾಠ.

1993ರಲ್ಲೇ ಇಲ್ಲಿ ಒಂದು ಕಾನೂನು ಮಾಡಿದ್ದರು. ಟೆಂಟು, ಗಾಳ, ಸೈಕಲ್ಲು, ಬಂದೂಕು, ಇಂಥ ಆಟದ, ಬಯಲಿನ ಸಾಮಾನಿನ ಮೇಲೆ ಬರುವ ಸೇಲ್ಸ್ ಟ್ಯಾಕ್ಸ್ ಪಾರ್ಕಿಗೆ ಹೋಗಲಿ ಅಂತ. (ನಮ್ಮವರು ಕೊಳ್ಳುವ ಕ್ರಿಕೆಟ್ ಬ್ಯಾಟೂ ಇದರಲ್ಲಿ ಬರುತ್ತೆ ಅಂತ ನನ್ನ ಲೆಕ್ಕ. ಬಂದರೆ ಒಂದು ಪಾರ್ಕಿನ ರಸ್ತೆಗಾದರೂ ನಮ್ಮ ಮನೆಯ ಹೆಸರಿಡಬೇಕು.) ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಬಯಲಿಗೆ ಹೋಗುವವರ ದುಡ್ಡು ಬಯಲಿಗೇ. ಆಗಿದ್ದೇನು? ಬಹಳಷ್ಟು ಬಜೆಟ್‌ಗಳಲ್ಲಿ ಶಾಸಕರು ಅದರ ದೊಡ್ಡ ಪಾಲನ್ನು ಬೇರೆ ಕಡೆ ತಿರುಗಿಸಿದರು. ಇಪ್ಪತ್ತೈದು ವರ್ಷದ ಲೆಕ್ಕ ತೆಗೆದರೆ ಅರ್ಧವೂ ಪಾರ್ಕಿಗೆ ತಲುಪಿರಲಿಲ್ಲ. ಸೋರುವ ಚಾವಣಿ, ಕೆಟ್ಟ ನಲ್ಲಿ, ಕಟ್ಟಿಕೊಂಡ ಚರಂಡಿ, ನೆರೆ ಬಂದು ಕೊಚ್ಚಿಹೋದ ದಾರಿ, ಎಲ್ಲ ಹಾಗೇ. 1930ರ ದಶಕದಲ್ಲಿ ರೂಸ್‌ವೆಲ್ಟ್ ಕಾಲದ ಸಿವಿಲಿಯನ್ ಕನ್ಸರ್ವೇಷನ್ ಕೋರ್ ಅನ್ನುವ, ಕೆಲಸವಿಲ್ಲದವರಿಗೆ ಕೆಲಸ ಕೊಟ್ಟ ಸರ್ಕಾರಿ ಯೋಜನೆಯ ಹುಡುಗರು ಕಲ್ಲು ಹೊತ್ತು ಕಟ್ಟಿದ ಗೋಡೆಗಳು ಇವತ್ತಿಗೂ ಗಟ್ಟಿಯಾಗಿವೆ. ಬ್ಯಾಸ್ಟ್ರಪ್ ಸ್ಟೇಟ್ ಪಾರ್ಕಿಗೆ ಹೋದರೆ ನೋಡಿ. ಅವರ ನಂತರ ಬಂದ ಪೈಪುಗಳೇ ಕೈಕೊಟ್ಟಿದ್ದು.

ಕೊನೆಗೆ 2019ರಲ್ಲಿ ಜನರ ಮುಂದೆ ಇಟ್ಟರು: ಈ ಟ್ಯಾಕ್ಸನ್ನು ಸಂವಿಧಾನದಲ್ಲೇ ಪಾರ್ಕಿಗೆ, ಐತಿಹಾಸಿಕ ಜಾಗಗಳಿಗೆ ಮೀಸಲಿಡೋಣವಾ? ನೂರಕ್ಕೆ 88 ಜನ ಹೂಂ ಅಂದರು. ಅದರಿಂದ ರಿಪೇರಿ, ಸಂಬಳ, ನಿರ್ವಹಣೆಗೆ ದಾರಿಯಾಯಿತು. ಆದರೆ ಹೊಸ ನೆಲ ಕೊಳ್ಳಬೇಕಂದರೆ ಕೈಯಲ್ಲಿ ದೊಡ್ಡ ಗಂಟು ಇರಬೇಕು, ಮಾಲೀಕ ಮಾರುತ್ತೇನೆ ಅಂದ ವಾರದಲ್ಲಿ ಇರಬೇಕು. ಶಾಸನಸಭೆ ಇಲ್ಲಿ ಎರಡು ವರ್ಷಕ್ಕೊಂದು ಸಲ ಸೇರುತ್ತೆ. ಅಲ್ಲಿಯವರೆಗೆ ಯಾವ ಮಾಲೀಕ ಕಾಯುತ್ತಾನೆ?

ಎನ್‌ಚಾಂಟೆಡ್ ರಾಕ್ ಕಥೆ ಕೇಳಿ. ಗುಲಾಬಿ ಬಣ್ಣದ ಒಂಟಿ ಬಂಡೆ, ನೆಲದಿಂದ 425 ಅಡಿ. ನಾನು ಮಧುಗಿರಿ ಕಡೆಯವಳು, ಏಕಶಿಲಾ ಬೆಟ್ಟ ನೋಡಿ ಬೆಳೆದವಳು, ಮೊದಲ ಸಲ ಇದನ್ನು ನೋಡಿದಾಗ ನಮ್ಮ ಬೆಟ್ಟದ ಕೊನೇ ತಮ್ಮ ಅಮೆರಿಕಕ್ಕೆ ಬಂದು ಸೆಟ್ಲ್ ಆಗಿದ್ದಾನೆ ಅನಿಸಿತು. 1978ರಲ್ಲಿ ಅದರ ಮಾಲೀಕರ ಮನೆಯವರು ಮಾರಲು ತಯಾರಿದ್ದಾಗ ರಾಜ್ಯದ ಹತ್ತಿರ ತಕ್ಷಣಕ್ಕೆ ದುಡ್ಡು ಹೊಂದಲಿಲ್ಲ. ನೇಚರ್ ಕನ್ಸರ್ವೆನ್ಸಿ ಅನ್ನುವ ಸಂಸ್ಥೆ ಕೊಂಡು, ರಾಜ್ಯಕ್ಕೆ ದುಡ್ಡು ಕೂಡುವವರೆಗೆ ಹಿಡಿದಿಟ್ಟುಕೊಂಡು, ಆಮೇಲೆ ದಾಟಿಸಿತು. ಅವತ್ತು ಅವರು ನಡುವೆ ಬರದಿದ್ದರೆ ಇವತ್ತು ಅದರ ಮೇಲೆ ಹೋಟೆಲೋ ಕಲ್ಲುಕ್ವಾರಿಯೋ ಇರುತ್ತಿತ್ತೇನೋ. ಈಗ ಚಳಿಗಾಲದ ಶನಿವಾರ ಅಲ್ಲಿಗೆ ಮೊದಲೇ ಬುಕ್ ಮಾಡದೆ ಹೋದರೆ ಗೇಟಿನಿಂದಲೇ ವಾಪಸ್. ನಮ್ಮ ಗುಂಪಿನವರು ಆಸ್ಟಿನ್‌ನಿಂದ ಎರಡು ಗಂಟೆ ಡ್ರೈವ್ ಮಾಡಿ, "ಪಾರ್ಕ್ ಫುಲ್" ಬೋರ್ಡ್ ನೋಡಿ, ಫ್ರೆಡ್ರಿಕ್ಸ್‌ಬರ್ಗ್‌ನಲ್ಲಿ ಪೀಚ್ ಹಣ್ಣಿನ ಜಾಮ್ ತಗೊಂಡು ತಿರುಗಿ ಬಂದಿದ್ದುಂಟು.

ಜನ ಜಾಸ್ತಿ, ಜಾಗ ಅಷ್ಟೇ. ಇದಕ್ಕೆ 2023ರ ಹದಿನಾಲ್ಕನೇ ತಿದ್ದುಪಡಿ ಕೊಟ್ಟ ಉತ್ತರ ಸೆಂಟೆನಿಯಲ್ ಪಾರ್ಕ್ಸ್ ಕನ್ಸರ್ವೇಷನ್ ಫಂಡ್. 1923ರಲ್ಲಿ ಪಾರ್ಕ್ ಬೋರ್ಡ್ ಶುರುವಾಗಿ ನೂರು ವರ್ಷ ಆಯಿತು ಅಂತ ಆ ಹೆಸರು. 100 ಕೋಟಿ ಡಾಲರ್ ಗಂಟು, ಹೊಸ ನೆಲ ಕೊಳ್ಳಲು, ಪಾರ್ಕ್ ಬೆಳೆಸಲು. ಫಲಿತಾಂಶ: ನೂರಕ್ಕೆ 76 ಪರ. ಹದಿನಾಲ್ಕರಲ್ಲಿ ಹದಿಮೂರು ಪಾಸಾದವು, ಜಡ್ಜ್‌ಗಳ ವಯಸ್ಸಿನದು ಮಾತ್ರ ಬಿತ್ತು.

ಇಷ್ಟು ಹೇಳಿ ಸುಮ್ನಾದರೆ ಜಾಹೀರಾತು ಆಗುತ್ತೆ. ಎರಡು ಮಾತು ಕಹಿಯದ್ದೂ ಇದೆ. ಆ ವರ್ಷ ರಾಜ್ಯದ ಖಜಾನೆಯಲ್ಲಿ 3,270 ಕೋಟಿ ಡಾಲರ್ ಹೆಚ್ಚುವರಿ ಬಿದ್ದಿತ್ತು. ಹೊಸ ಟ್ಯಾಕ್ಸ್ ಇಲ್ಲದೆ ಸಿಗುವ ಪಾರ್ಕಿಗೆ ಯಾರು ಬೇಡ ಅನ್ನುತ್ತಾರೆ? ಇದೇ ಪ್ರಶ್ನೆಯನ್ನು "ನಿಮ್ಮ ಮನೆ ಟ್ಯಾಕ್ಸ್ ಇಷ್ಟು ಏರುತ್ತೆ" ಅಂತ ಕೇಳಿದ್ದರೆ ನಮ್ಮ ಪಕ್ಕದ ಮನೆಯವರ ಬೆಂಬಲ ಹೋಗುತ್ತಿತ್ತು ಅಂತ ನನ್ನ ಅನುಮಾನ. ನಮ್ಮ ಮನೆಯಲ್ಲೂ ಒಂದು ಸುತ್ತು ಚರ್ಚೆ ಆಗುತ್ತಿತ್ತು. ಆದರೆ ಅದೇ ದಿನ ಆಸ್ಟಿನ್ ಇರುವ ಟ್ರಾವಿಸ್ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ) ಪಾರ್ಕಿಗಂತಲೇ 27 ಕೋಟಿ ಡಾಲರ್‌ಗೂ ಜಾಸ್ತಿ ಸಾಲಪತ್ರಕ್ಕೆ ಒಪ್ಪಿದರು. ಅದು ತಮ್ಮದೇ ಟ್ಯಾಕ್ಸ್‌ನಲ್ಲಿ ತೀರಿಸಬೇಕಾದ ಸಾಲ. ಎಲ್ಲ ಊರೂ ಆಸ್ಟಿನ್ ಅಲ್ಲ, ಸರಿ. ಎರಡನೆಯದು, ಆ ಸಲ ವೋಟ್ ಹಾಕಿದ್ದೇ ಏಳು ಜನರಲ್ಲಿ ಒಬ್ಬರು. ರಿಜಿಸ್ಟರ್ ಆಗಿ ಮನೆಯಲ್ಲಿ ಕೂತ ಬಾಕಿ ಆರು ಜನರ ಮನಸ್ಸಲ್ಲಿ ಏನಿತ್ತೋ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಕ್ಯಾಂಪಿಂಗ್ ಫೋಟೋ ಹಾಕುವವರು ಐವತ್ತು ಜನ ಇದ್ದಾರೆ. "ನಾಳೆ ಕೊನೇ ದಿನ, ಲೈಬ್ರರಿಯಲ್ಲಿ ಕ್ಯೂ ಇಲ್ಲ, ಹತ್ತೇ ನಿಮಿಷ" ಅಂತ ನಾನು ಹಾಕಿದ ಮೆಸೇಜಿಗೆ ಬಂದ ಹೆಬ್ಬೆರಳು ಆರು. ಅದರಲ್ಲಿ ಇಬ್ಬರು ಇನ್ನೂ ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು, ಪಾಪ.

ಊರಿನ ನೆನಪು ಬರದೇ ಇರಲ್ಲ. ನಮ್ಮಲ್ಲಿ ನೂರು ದನಕ್ಕೆ 30 ಎಕರೆ ಗೋಮಾಳ ಇರಬೇಕು ಅಂತ ನಿಯಮವೇ ಇದೆ. ನಾವು ಚಿಕ್ಕವರಿದ್ದಾಗ ದನದ ಜೊತೆ ನಾವೂ ಅಲ್ಲೇ ಬೆಳೆದೆವು. ಚಿನ್ನಿದಾಂಡು, ಕಾರೆಹಣ್ಣು, ಮಳೆಗಾಲದಲ್ಲಿ ಗುಂಡಿಯಲ್ಲಿ ಈಜು. ಯಾರೂ ಅದನ್ನು ಪಾರ್ಕ್ ಅಂತ ಕರೆಯಲಿಲ್ಲ, ಟಿಕೆಟ್ ಇರಲಿಲ್ಲ. ಕಳೆದ ಸಲ ಹೋದಾಗ ಅರ್ಧದಷ್ಟಕ್ಕೆ ಕಲ್ಲು ಕಂಬ ನೆಟ್ಟಿದ್ದರು. ಯಾರು, ಯಾವಾಗ, ಹೇಗೆ ಅಂತ ಕೇಳಿದರೆ ಚಿಕ್ಕಪ್ಪ, "ಅದೆಲ್ಲ ದೊಡ್ಡೋರ ವಿಷಯ ಬಿಡವ್ವ" ಅಂದರು. ಅಲ್ಲಿ ಊರಿನವರನ್ನು ಯಾರೂ ಹೂಂ ಅಥವಾ ಉಹೂಂ ಕೇಳಲೇ ಇಲ್ಲ. ಕೇಳಿದ್ದರೆ ನೂರಕ್ಕೆ 76 ಅಲ್ಲ, 99 ಬರುತ್ತಿತ್ತು. ಕಂಬ ನೆಟ್ಟವರ ಮನೆಯದೊಂದು ಬಿಟ್ಟು.

ಫೇರ್‌ಫೀಲ್ಡ್ ಏನಾಯಿತು ಅಂತ ಕೇಳುತ್ತೀರಿ. ಆ ಜೂನ್‌ನಲ್ಲಿ ರಾಜ್ಯದ ಪಾರ್ಕ್ ಆಯೋಗ ಜಾಗವನ್ನು ಸ್ವಾಧೀನ ಮಾಡಿಕೊಳ್ಳಲು ನಿರ್ಧಾರ ಮಾಡಿತು. ಟೆಕ್ಸಾಸ್‌ನಲ್ಲಿ ಸರ್ಕಾರ ಖಾಸಗಿ ನೆಲಕ್ಕೆ ಕೈಹಾಕುವುದು ಅಂದರೆ ಸಣ್ಣ ಮಾತಲ್ಲ. ಬೆಲೆ ಕಟ್ಟಲು ಸ್ಥಳೀಯ ಕಮಿಷನರ್‌ಗಳನ್ನು ನೇಮಿಸಿದರು, ಅವರು ಹೇಳಿದ ಪರಿಹಾರ 41.8 ಕೋಟಿ ಡಾಲರ್. ಡಿಸೆಂಬರ್‌ನಲ್ಲಿ ರಾಜ್ಯ ಕೈಬಿಟ್ಟಿತು. ನಮ್ಮ ಯಜಮಾನರು ಇವತ್ತಿಗೂ ಕೊಡಬೇಕಿತ್ತು ಅಂತಾರೆ, ಕೆರೆ ಮತ್ತೊಂದು ಹುಟ್ಟಲ್ಲ ಅನ್ನುವುದು ಅವರ ವಾದ. ನಾನು ಇಲ್ಲ ಅಂತೀನಿ. ನೂರು ಕೋಟಿಯ ಗಂಟಿನಲ್ಲಿ ಹೆಚ್ಚುಕಮ್ಮಿ ಅರ್ಧ ಒಂದೇ ಜಾಗಕ್ಕೆ ಸುರಿದಿದ್ದರೆ ಉಳಿದ ಕಡೆ ಕೊಳ್ಳಲು ಏನು ಉಳಿಯುತ್ತಿತ್ತು? ಮಾರಾಟಕ್ಕೆ ಇಟ್ಟಾಗಲೇ ಇಂಥ ಗಂಟು ಕೈಯಲ್ಲಿ ಇರಬೇಕಿತ್ತು. ಆಗ ಇರಲಿಲ್ಲ.

ಆಮೇಲೆ ಈ ಫಂಡಿನಿಂದ ಬರ್ನೆಟ್ ಕೌಂಟಿಯಲ್ಲಿ 3,000 ಎಕರೆಗೂ ಜಾಸ್ತಿ ಕೊಂಡಿದ್ದಾರೆ, ಪೋಸ್ಟ್ ಓಕ್ ರಿಡ್ಜ್ ಅಂತ ಹೆಸರು. ನೆಲ ಕೊಂಡ ಮಾತ್ರಕ್ಕೆ ಪಾರ್ಕ್ ಆಗಲ್ಲ, ರಸ್ತೆ, ನೀರು, ಸೇತುವೆ ಅಂತ ವರ್ಷಗಟ್ಟಲೆ ಹಿಡಿಯುತ್ತೆ. ನಮ್ಮ ಫೋರ್ಟ್‌ವರ್ತ್ ಪಶ್ಚಿಮಕ್ಕಿರುವ ಪಾಲೋ ಪಿಂಟೋ ಜಾಗ ಕೊಂಡಿದ್ದು 2011ರಲ್ಲಿ. ಗೇಟ್ ತೆರೆಯುತ್ತಾರೆ ಅಂತ ಕಾದು ಕಾದು ನನ್ನ ಮಗ ಹೈಸ್ಕೂಲ್ ಮುಗಿಸಿದ. ಎನ್‌ಚಾಂಟೆಡ್ ರಾಕ್ ಪಕ್ಕದಲ್ಲೂ 630 ಎಕರೆ ಸೇರಿಸಿಕೊಂಡಿದ್ದಾರೆ, ಅದರಿಂದ ಶನಿವಾರದ ನೂಕುನುಗ್ಗಲು ಸ್ವಲ್ಪ ಕಮ್ಮಿಯಾದರೂ ಸಾಕು.

ಇನ್ನು ಡಲ್ಲಾಸ್ ಕಡೆ ಹೊಸದಾಗಿ ಬಂದವರು ಈ ಪಾರ್ಕುಗಳಿಗೆ ಹೋಗುವುದು ಹೇಗೆ ಅಂತ ಕೇಳಿದ್ದಕ್ಕೆ: ಪಾರ್ಕ್ ಪಾಸ್ ತಗೊಳ್ಳಿ. ವರ್ಷಕ್ಕೊಂದು ಪಾಸ್ ಇದ್ದರೆ ನಿಮ್ಮ ಕಾರಿನಲ್ಲಿ ಬಂದವರೆಲ್ಲರ ಪ್ರವೇಶವೂ ಅದರಲ್ಲೇ ಆಗುತ್ತೆ, ಊರಿಂದ ಅಪ್ಪ ಅಮ್ಮ ಬಂದಾಗ ಬಹಳ ಅನುಕೂಲ. ಟೆಂಟ್ ಸೈಟ್ ಐದು ತಿಂಗಳು ಮುಂಚೆಯಿಂದ ಬುಕ್ ಆಗುತ್ತೆ, ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬೇಕಂದರೆ ಜೂನ್‌ನಲ್ಲೇ ಕ್ಯಾಲೆಂಡರ್ ಮುಂದೆ ಕೂರಿ. ಮತ್ತೆ ಕಾರಿನ ರಿಜಿಸ್ಟ್ರೇಷನ್ ರಿನ್ಯೂ ಮಾಡುವಾಗ ಪಾರ್ಕಿಗೆ 5 ಡಾಲರ್ ಕೊಡುತ್ತೀರಾ ಅಂತ ಕೇಳುತ್ತೆ. ನಮ್ಮ ಮನೆಯಲ್ಲಿ ರಿನ್ಯೂ ಮಾಡುವುದು ಯಜಮಾನರ ಕೆಲಸ. 41.8 ಕೋಟಿ ಕೊಡಬೇಕಿತ್ತು ಅನ್ನುವ ಈ ಮನುಷ್ಯ ಐದು ಡಾಲರಿಗೆ "ಬೇಡ" ಒತ್ತಿದ್ದನ್ನು ನಾನು ಹಿಂದಿನಿಂದ ನಿಂತು ನೋಡಿದೆ. ಈ ವರ್ಷದಿಂದ ಆ ಲ್ಯಾಪ್‌ಟಾಪ್ ನನ್ನ ಕೈಯಲ್ಲಿ.